ತಲೆಕೆಳಗಾದ ಗೈರೊ: ಕಲಬುರಗಿಯಲ್ಲಿ ಒಂದು 450 ಹೆಲಿಕಾಪ್ಟರ್ ನೆಲದಲ್ಲೇ ಮಗುಚಿದ ಪ್ರಕರಣ

ಕಲಬುರಗಿಯ ಒಬ್ಬ ಡಿಪ್ಲೊಮಾ ವಿದ್ಯಾರ್ಥಿ ಬೇರೆಯವರು ಬಳಸಿದ್ದ 450 ವರ್ಗದ ರಿಮೋಟ್ ಹೆಲಿಕಾಪ್ಟರ್ ಕೊಂಡ. ಮಾರಿದವರ ಕೈಯಲ್ಲಿ ಅದು ಚೆನ್ನಾಗಿಯೇ ಹಾರುತ್ತಿತ್ತು. ಯಂತ್ರದ ಜೊತೆ ರಿಮೋಟ್ ಬಂದಿರಲಿಲ್ಲ, ಹಾಗಾಗಿ ಹೊಸ ರಿಮೋಟ್, ಹೊಸ ರಿಸೀವರ್ ಜೋಡಿಸಿದ. ಏಪ್ರಿಲ್ ತಿಂಗಳ ಒಂದು ಸಂಜೆ ಆಳಂದ ರಸ್ತೆ ಕಡೆಯ ಹೊಲದಲ್ಲಿ ಮೊದಲ ಸಲ ಮೋಟರ್ ಚಾಲೂ ಮಾಡಿದಾಗ ಹೆಲಿಕಾಪ್ಟರ್ ನೆಲ ಬಿಡುವ ಮೊದಲೇ ಗರಗರನೆ ತಿರುಗಿ ಮಗುಚಿತು. ಮುರಿದ ಬ್ಲೇಡಿನ ತುದಿ ಅವನ ಎಡಗಡೆಯಿಂದ ಹಾದು ಹದಿನಾಲ್ಕು ಹೆಜ್ಜೆ ಆಚೆ ಸಿಕ್ಕಿತು. ಅವನು ನಿಂತಿದ್ದದ್ದು ಯಂತ್ರದಿಂದ ಮೂರೇ ಮೀಟರ್ ದೂರದಲ್ಲಿ. ಯಾರಿಗೂ ಪೆಟ್ಟಾಗಲಿಲ್ಲ.

ಯಂತ್ರದ ವಿವರ ಹೀಗಿದೆ: ಫ್ಲೈಬಾರ್ (ರೋಟರನ್ನು ಸ್ಥಿರವಾಗಿಡುವ ಅಡ್ಡ ಕಡ್ಡಿ) ಇಲ್ಲದ ತಲೆ, 120 ಡಿಗ್ರಿ ಸ್ವಾಶ್‌ಪ್ಲೇಟ್‌ಗೆ (ವಾಲಿ, ಏರಿಳಿದು ಬ್ಲೇಡಿನ ಕೋನ ಬದಲಿಸುವ ತಟ್ಟೆ) ಮೂರು ಸರ್ವೊ (ಕೈ ಇರುವ ಸಣ್ಣ ಚಾಲಕ ಮೋಟರ್), ಬಾಲಕ್ಕೆ ಒಂದು ಸರ್ವೊ, ಬೆಲ್ಟಿನಿಂದ ತಿರುಗುವ ಬಾಲ. ಮುಖ್ಯ ಬ್ಲೇಡ್ 325 ಮಿ.ಮೀ., ಮೋಟರ್ 3500 ಕೆವಿ (ಪ್ರತಿ ವೋಲ್ಟಿಗೆ ನಿಮಿಷಕ್ಕೆ 3500 ಸುತ್ತು), ಪಿನಿಯನ್ (ಮೋಟರಿನ ಸಣ್ಣ ಗೇರ್) 11 ಹಲ್ಲು, ಮುಖ್ಯ ಗೇರ್ 150 ಹಲ್ಲು, ಬ್ಯಾಟರಿ ಮೂರು ಸೆಲ್ಲಿನ 2200 ಎಂಎಎಚ್ ಲಿಪೊ. ಎಲ್ಲ ಸೇರಿ ತೂಕ ಒಂದು ಕಿಲೋ ಒಳಗೆ.

ಒಂದು ಕಿಲೋ ಅಂದಾಗ ಆಟಿಕೆ ಎನಿಸುತ್ತದೆ. ಲೆಕ್ಕ ಹಾಕಿದರೆ ಹಾಗೆನಿಸುವುದಿಲ್ಲ. ಈ ರೋಟರಿನ ತ್ರಿಜ್ಯ ಸುಮಾರು 36 ಸೆಂ.ಮೀ. ನಿಮಿಷಕ್ಕೆ 2200 ಸುತ್ತಿನಲ್ಲಿ ಬ್ಲೇಡಿನ ತುದಿ ಗಂಟೆಗೆ ಸುಮಾರು 300 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಬ್ಲೇಡ್ 30 ಗ್ರಾಂ ತೂಗಿ, ಅದರ ತೂಕದ ಕೇಂದ್ರ ಶಾಫ್ಟಿನಿಂದ 19 ಸೆಂ.ಮೀ. ದೂರದಲ್ಲಿದೆ ಎಂದಿಟ್ಟುಕೊಂಡರೆ, ಅದನ್ನು ಹಿಡಿದಿರುವ ಬೋಲ್ಟಿನ ಮೇಲೆ 30 ಕಿಲೋ ತೂಗುಹಾಕಿದಷ್ಟು ಎಳೆತ ಬೀಳುತ್ತದೆ. ಕಲಿಯುವವರು ಇದನ್ನು ಬಿಗಿ ಮಾಡುವ ಪ್ರತಿ ಸ್ಕ್ರೂ ಮುಂದೆಯೂ ನೆನೆಯಬೇಕು.

ಮುರಿದ ಭಾಗಗಳು ಹೇಳಿದ್ದು

ಬಿದ್ದ ಯಂತ್ರವನ್ನು ತೊಳೆದು ಒರೆಸಿ ಇಡುವ ಮುನ್ನ ಏನು, ಎಲ್ಲಿ, ಹೇಗೆ ಮುರಿದಿದೆ ಎಂದು ಬರೆದಿಟ್ಟುಕೊಂಡರೆ ಕಾರಣ ಹುಡುಕುವ ಅರ್ಧ ಕೆಲಸ ಮುಗಿದಂತೆ. ಇಲ್ಲಿ ಎರಡೂ ಮುಖ್ಯ ಬ್ಲೇಡ್ ಹೋಗಿದ್ದವು, ಎರಡೂ ಬ್ಲೇಡಿನ ಹಿಡಿಕೆಗಳನ್ನು ಜೋಡಿಸುವ ಫೆದರಿಂಗ್ ಶಾಫ್ಟ್ ಬಾಗಿತ್ತು, ಬಾಲದ ಕೊಳವೆಗೆ ಬ್ಲೇಡ್ ಬಡಿದು ತಗ್ಗಾಗಿತ್ತು. ಇವು ಯಾವ ಮಗುಚುವಿಕೆಯಲ್ಲೂ ಆಗುವಂಥವು. ಗಮನ ಸೆಳೆದದ್ದು ಮುಖ್ಯ ಗೇರ್. ಅದರ ಹಲ್ಲು ಒಂದೇ ಜಾಗದಲ್ಲಿ ಅಲ್ಲ, ಸುಮಾರು ಕಾಲು ಸುತ್ತಿನಷ್ಟು ಉದ್ದಕ್ಕೆ ತೇದು ನುಣ್ಣಗಾಗಿದ್ದವು. ಬ್ಲೇಡ್ ನೆಲಕ್ಕೆ ಬಡಿದ ಕೂಡಲೇ ಮೋಟರ್ ನಿಂತಿದ್ದರೆ ಎರಡು ಮೂರು ಹಲ್ಲು ಹೋಗುತ್ತಿದ್ದವು, ಅಷ್ಟೇ. ರೋಟರ್ ಸಿಕ್ಕಿಬಿದ್ದ ಮೇಲೂ ಮೋಟರ್ ತಳ್ಳುತ್ತಲೇ ಇತ್ತು ಎಂಬುದಕ್ಕೆ ಇದೇ ಸಾಕ್ಷಿ.

ಹುಡುಗ ಎಡ ಸ್ಟಿಕ್ ಪೂರ್ತಿ ಕೆಳಗೆ ಎಳೆದಿದ್ದ. ಆದರೂ ಮೋಟರ್ ಯಾಕೆ ನಿಲ್ಲಲಿಲ್ಲ? ಅವನ ರಿಮೋಟಿನಲ್ಲಿ ಹಾರಾಟದ ಸ್ವಿಚ್ಚಿನ ಒಂದು ಸ್ಥಾನಕ್ಕೆ ಥ್ರಾಟಲ್ ಸೊನ್ನೆ, ಇನ್ನೊಂದಕ್ಕೆ ಸ್ಟಿಕ್ ಎಲ್ಲೇ ಇದ್ದರೂ ಶೇಕಡಾ 70 ಎಂದು ಸಮತಟ್ಟಾದ ಕರ್ವ್ ಇತ್ತು. ರೋಟರಿನ ವೇಗ ಒಂದೇ ಮಟ್ಟದಲ್ಲಿರಲು ಸಮತಟ್ಟು ಕರ್ವ್ ಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಅಂಥ ಕರ್ವಿನಲ್ಲಿ ಸ್ಟಿಕ್ ಕೆಳಗೆ ಎಳೆದರೆ ಬ್ಲೇಡಿನ ಪಿಚ್ (ಓರೆಯ ಕೋನ) ಮಾತ್ರ ಇಳಿಯುತ್ತದೆ, ಮೋಟರ್ ನಿಲ್ಲುವುದಿಲ್ಲ. ನಿಲ್ಲಿಸುವುದು ಥ್ರಾಟಲ್ ಹೋಲ್ಡ್ ಸ್ವಿಚ್ಚಿನ ಕೆಲಸ, ಆ ಸ್ವಿಚ್ಚನ್ನು ಅವನು ಇಟ್ಟಿರಲೇ ಇಲ್ಲ. ಗಾಬರಿಯಲ್ಲಿ ಕೈ ಹೋಗುವುದು ಸ್ಟಿಕ್ಕಿಗೆ. ರಿಮೋಟಿನ ಭುಜದ ಮೇಲಿನ ನಾಲ್ಕು ಸ್ವಿಚ್ಚುಗಳಲ್ಲಿ ಸರಿಯಾದದ್ದನ್ನು ಹುಡುಕಲು ಆಗ ಸಮಯವಿರುವುದಿಲ್ಲ.

ಇನ್ನು ಗರಗರನೆ ತಿರುಗಿದ್ದರ ಕಾರಣ. ಹುಡುಗನ ಕಾಕಾ ಮೋಟರ್ ವೈಂಡಿಂಗ್ ಕೆಲಸದವರು. ಪರೀಕ್ಷೆ ನಡೆದದ್ದು ಅವರ ಮೇಜಿನ ಮೇಲೆ. ಮೊದಲು ಮೋಟರಿನ ಮೂರು ತಂತಿಗಳಲ್ಲಿ ಎರಡನ್ನು ಬಿಚ್ಚಿ, ತುದಿಗಳಿಗೆ ಬೇರೆ ಬೇರೆಯಾಗಿ ಟೇಪ್ ಸುತ್ತಿದರು. ಆಮೇಲಷ್ಟೇ ಬ್ಯಾಟರಿ ಜೋಡಿಸಿದರು.

"ಕಾಕಾ, ಸ್ಟಿಕ್ ಬಲಕ್ಕ ತಳ್ಳಿದ್ರ ಬಾಲದ ಬ್ಲೇಡ್ ಬರೋಬ್ಬರಿ ಹೊಳ್ಳತಾವ. ಹೊಲಕ್ಕ ಹೋಗೋಕಿಂತ ಮೊದಲೂ ನೋಡಿದ್ದೆ."

"ಸ್ಟಿಕ್ ಮುಟ್ಟಬ್ಯಾಡ. ಹೆಲಿಕಾಪ್ಟರನೇ ಕೈಲೆ ತಿರುಗಿಸಿ ನೋಡು."

ಕೈಯಿಂದ ಮೂತಿಯನ್ನು ಎಡಕ್ಕೆ ತಿರುಗಿಸಿದರೆ, ಬಾಲದ ಸ್ಲೈಡರ್ (ಬಾಲದ ಬ್ಲೇಡಿನ ಕೋನ ಬದಲಿಸುವ ಭಾಗ) ಸ್ಟಿಕ್ ಬಲಕ್ಕೆ ತಳ್ಳಿದಾಗ ಚಲಿಸುವ ದಿಕ್ಕಿಗೇ ಚಲಿಸಬೇಕು. ಗೈರೊ, ಅಂದರೆ ಯಂತ್ರದ ತಿರುವನ್ನು ಅರಿಯುವ ಸೆನ್ಸರ್, ಆ ತಿರುವನ್ನು ವಿರೋಧಿಸಬೇಕು. ಇಲ್ಲಿ ಸ್ಲೈಡರ್ ಸ್ಟಿಕ್ ಎಡಕ್ಕೆ ತಳ್ಳಿದಾಗಿನ ದಿಕ್ಕಿಗೆ ಹೋಯಿತು. ಅಂದರೆ ಮೂತಿ ಸ್ವಲ್ಪ ಸರಿದರೂ ಗೈರೊ ಅದನ್ನು ಇನ್ನಷ್ಟು ತಳ್ಳುತ್ತಿತ್ತು. ರೋಟರ್ ವೇಗ ಪಡೆದಂತೆ ತಿರುಗುವಿಕೆ ಜೋರಾಗಿ ತಡೆಯಲಾರದಷ್ಟಾಯಿತು. ಸ್ಟಿಕ್ಕಿನ ದಿಕ್ಕು ಸರಿಯಿದ್ದರೂ ಗೈರೊ ದಿಕ್ಕು ಉಲ್ಟಾ ಇರಬಹುದು, ಯಾಕೆಂದರೆ ಇವೆರಡೂ ಬೇರೆ ಬೇರೆ ಸೆಟ್ಟಿಂಗ್. ರಿಮೋಟಿನಲ್ಲಿ ರಡ್ಡರ್ (ಬಾಲದ) ಚಾನೆಲ್ ರಿವರ್ಸ್ ಮಾಡಿದರೆ ಸ್ಟಿಕ್ ಮಾತ್ರ ಬದಲಾಗುತ್ತದೆ, ಗೈರೊ ಮೊದಲಿನಂತೆಯೇ ಇರುತ್ತದೆ.

ಬಹಳ ಜನ ಇಲ್ಲಿಗೇ ನಿಲ್ಲಿಸಿ, ಬಾಲದ ಗೈರೊ ದಿಕ್ಕು ಬದಲಿಸಿ ಮತ್ತೆ ಹೊಲಕ್ಕೆ ಹೋಗಿಬಿಡುತ್ತಾರೆ. ಇಲ್ಲಿ ಹಾಗೆ ಮಾಡಿದ್ದರೆ ಎರಡನೆಯ ಬೀಳುವಿಕೆ ಮೊದಲಿನದಕ್ಕಿಂತ ಕೆಟ್ಟದಾಗುತ್ತಿತ್ತು. ಉಳಿದ ಎರಡು ಅಕ್ಷಗಳನ್ನೂ ಪರೀಕ್ಷಿಸಿದಾಗ ತಿಳಿದದ್ದು ಇದು: ಯಂತ್ರವನ್ನು ಬಲಕ್ಕೆ ವಾಲಿಸಿದರೆ ಸ್ವಾಶ್‌ಪ್ಲೇಟ್ ಎಡಕ್ಕೆ ವಾಲಿತು, ಸರಿ. ಮೂತಿ ಕೆಳಗೆ ಮಾಡಿದರೆ ಸ್ವಾಶ್‌ಪ್ಲೇಟ್ ಹಿಂದಕ್ಕೆ ವಾಲಬೇಕು, ಅದು ಮುಂದಕ್ಕೆ ವಾಲಿತು. ಮೂರರಲ್ಲಿ ಎರಡು ಉಲ್ಟಾ, ಒಂದು ಸರಿ. ಬಿಡಿ ಬಿಡಿಯಾಗಿ ಎರಡು ಸೆಟ್ಟಿಂಗ್ ತಪ್ಪಿರುವುದಕ್ಕಿಂತ ಇದಕ್ಕೆ ಸರಳ ವಿವರಣೆ ಇದೆ. ಮೂತಿಯಿಂದ ಬಾಲಕ್ಕೆ ಎಳೆದ ಗೆರೆಯ ಸುತ್ತ, ಗೈರೊ ಒಳಗಿರುವ ಫ್ಲೈಬಾರ್‌ಲೆಸ್ ಯೂನಿಟ್ಟನ್ನು ಅರ್ಧ ಸುತ್ತು ಹೊರಳಿಸಿದರೆ ಸರಿಯಾಗಿ ಇದೇ ಎರಡು ಅಕ್ಷಗಳು ಉಲ್ಟಾ ಆಗುತ್ತವೆ, ವಾಲುವ ಅಕ್ಷ ಮಾತ್ರ ಉಳಿಯುತ್ತದೆ.

ಕೇಳಿದಾಗ ಹುಡುಗ ಹೇಳಿದ. ಹೆಲಿಕಾಪ್ಟರ್ ಇಟ್ಟಿದ್ದದ್ದು ಪತ್ರಾಸಿನ ಚಾವಣಿಯ ಕೋಣೆಯಲ್ಲಿ. ಕಲಬುರಗಿಯ ಬೇಸಿಗೆಗೆ ಯೂನಿಟ್ಟಿನ ಕೆಳಗಿನ, ಎರಡೂ ಬದಿ ಅಂಟುವ ಟೇಪ್ ಮೆತ್ತಗಾಗಿ ಅದು ಕಳಚಿ ಬಂದಿತ್ತು. ಹೊಸ ರಿಸೀವರಿನ ತಂತಿ ಗಿಡ್ಡವಿದ್ದುದರಿಂದ ಸುಲಭವಾಗಲಿ ಎಂದು ಅದನ್ನು ಮಗುಚಿ ಅಂಟಿಸಿದ್ದ. ಯೂನಿಟ್ಟನ್ನು ಹೇಗೆ ಬೇಕಾದರೂ ಕೂರಿಸಲು ಕೆಲವು ತಯಾರಿಕೆಗಳು ಅವಕಾಶ ಕೊಡುತ್ತವೆ, ಆದರೆ ಹೇಗೆ ಕೂರಿಸಿದ್ದೇವೆ ಎಂಬುದನ್ನು ಅದರ ಸೆಟ್ಟಿಂಗಿನಲ್ಲಿ ಹೇಳಲೇಬೇಕು. ಅದನ್ನು ಹೇಳಿರಲಿಲ್ಲ. ಬಾಲ ಒಂದನ್ನೇ ತಿದ್ದಿ ಹಾರಿಸಿದ್ದರೆ, ನೆಲ ಬಿಟ್ಟ ಕ್ಷಣದಲ್ಲಿ ಮೂತಿ ಮುಂದಕ್ಕೋ ಹಿಂದಕ್ಕೋ ಪಲ್ಟಿ ಹೊಡೆಯುತ್ತಿತ್ತು, ಅದೂ ಪೂರ್ತಿ ಶಕ್ತಿಯಲ್ಲಿ.

ಮೇಜಿನ ಮೇಲೆ ಇನ್ನೂ ಎರಡು ದೋಷ ಸಿಕ್ಕವು. ಒಂದು, ರಿಮೋಟಿನಲ್ಲೂ 120 ಡಿಗ್ರಿ ಸ್ವಾಶ್ ಮಿಕ್ಸಿಂಗ್ (ಒಂದು ಸ್ಟಿಕ್ಕಿನ ಆಜ್ಞೆಯನ್ನು ಮೂರು ಸರ್ವೊಗಳಿಗೆ ಹಂಚುವುದು) ಹಾಕಲಾಗಿತ್ತು. ಮಿಕ್ಸಿಂಗ್ ಮಾಡುವುದು ಫ್ಲೈಬಾರ್‌ಲೆಸ್ ಯೂನಿಟ್. ರಿಮೋಟಿನಲ್ಲಿ ಸ್ವಾಶ್ ಪ್ರಕಾರ ಸಾಮಾನ್ಯ, ಅಂದರೆ ಮಿಕ್ಸಿಂಗ್ ಇಲ್ಲದ್ದೇ ಇರಬೇಕು. ಎರಡೂ ಕಡೆ ಇದ್ದರೆ ಒಂದು ಸ್ಟಿಕ್ ಸರಿಸಿದಾಗ ಸ್ವಾಶ್‌ಪ್ಲೇಟ್ ಓರೆಯಾಗಿ ಏರುತ್ತದೆ. ಇನ್ನೊಂದು ಫೇಲ್‌ಸೇಫ್, ಅಂದರೆ ರಿಮೋಟಿನ ಸಂಪರ್ಕ ತಪ್ಪಿದಾಗ ರಿಸೀವರ್ ಏನು ಮಾಡಬೇಕೆಂಬ ಸೆಟ್ಟಿಂಗ್. ಅದನ್ನು ನೋಡಲು ರಿಸೀವರಿನ ಥ್ರಾಟಲ್ ಜಾಗಕ್ಕೆ ಇಎಸ್‌ಸಿ (ಮೋಟರಿನ ವೇಗ ನಿಯಂತ್ರಕ) ಬದಲು ಒಂದು ಹಳೆಯ ಸರ್ವೊ ಚುಚ್ಚಿ, ಇಎಸ್‌ಸಿ ಪ್ಲಗ್ಗನ್ನು ವಿದ್ಯುತ್ತಿಗಾಗಿ ಖಾಲಿ ಜಾಗಕ್ಕೆ ಹಾಕಿದರು. ಥ್ರಾಟಲ್ ಅರ್ಧಕ್ಕೆ ಏರಿಸಿ ರಿಮೋಟ್ ಬಂದ್ ಮಾಡಿದರೆ ಸರ್ವೊ ಕೈ ಇದ್ದಲ್ಲೇ ನಿಂತಿತು. ಹಾರಾಟದ ನಡುವೆ ಸಂಪರ್ಕ ತಪ್ಪಿದರೆ ಮೋಟರ್ ಅದೇ ವೇಗದಲ್ಲಿ ಓಡುತ್ತಲೇ ಇರುತ್ತಿತ್ತು ಎಂದರ್ಥ. ಫೇಲ್‌ಸೇಫ್ ಹಾಕುವಾಗ ಥ್ರಾಟಲ್ ತೀರ ಕೆಳಗಿರಬೇಕು. ಕೆಲವು ರಿಸೀವರ್‌ಗಳು ಬೈಂಡ್ ಮಾಡುವ (ರಿಮೋಟಿಗೆ ಜೋಡಿ ಮಾಡುವ) ಹೊತ್ತಿನ ಸ್ಟಿಕ್ ಸ್ಥಾನವನ್ನೇ ಫೇಲ್‌ಸೇಫ್ ಎಂದು ನೆನಪಿಟ್ಟುಕೊಳ್ಳುತ್ತವೆ, ಅಂಥವನ್ನು ಸ್ಟಿಕ್ ಕೆಳಗಿಟ್ಟೇ ಮತ್ತೆ ಬೈಂಡ್ ಮಾಡಬೇಕು.

ಮತ್ತೆ ಕಟ್ಟಿದ ಕ್ರಮ

ಬ್ಲೇಡ್ ಜೋಡಿ, ಫೆದರಿಂಗ್ ಶಾಫ್ಟ್, ಮುಖ್ಯ ಗೇರ್, ಬಾಲದ ಕೊಳವೆ ಹೊಸದಾಗಿ ತರಿಸಿದರು. ಕೊರಿಯರ್ ಬರುವ ತನಕ ಕೆಲಸ ನಿಲ್ಲುತ್ತದೆ, ಆದ್ದರಿಂದ ಫೆದರಿಂಗ್ ಶಾಫ್ಟ್ ಎರಡು, ಮುಖ್ಯ ಗೇರ್ ಎರಡು, ಕೊಂಡಿಗಳ (ಸರ್ವೊ ಚಲನೆಯನ್ನು ಮುಟ್ಟಿಸುವ ಕಡ್ಡಿಗಳು) ಒಂದು ಪೊಟ್ಟಣ ಹೆಚ್ಚಿಗೆ ಇಟ್ಟುಕೊಂಡದ್ದು ಒಳ್ಳೆಯದಾಯಿತು. ಮುಖ್ಯ ಶಾಫ್ಟ್ ನೇರವಾಗಿದೆಯೇ ಎಂದು ನೋಡಲು ಕಿಟಕಿಯ ಗಾಜಿನ ತುಂಡಿನ ಮೇಲೆ ಉರುಳಿಸಿ, ಕೆಳಗಿನ ಸಂದಿಯಲ್ಲಿ ಬೆಳಕು ಮಿಣುಕುತ್ತದೆಯೇ ಎಂದು ಗಮನಿಸಿದರು. ಮನೆಯ ನೆಲದ ಶಹಾಬಾದ್ ಫರಸಿ ಕಣ್ಣಿಗೆ ಸಪಾಟಾಗಿ ಕಂಡರೂ ಈ ಕೆಲಸಕ್ಕೆ ಆಗದು.

ಲೋಹಕ್ಕೆ ಲೋಹ ಸೇರುವ ಪ್ರತಿ ಸ್ಕ್ರೂಗೂ ನೀಲಿ ಬಣ್ಣದ, ಮಧ್ಯಮ ಹಿಡಿತದ ಥ್ರೆಡ್‌ಲಾಕ್ ಒಂದು ಸಣ್ಣ ಹನಿ ಸಾಕು. ಪ್ಲಾಸ್ಟಿಕ್ಕಿಗೆ ಅದು ತಾಗಿದರೆ ಬಿರುಕು ಬಿಡುತ್ತದೆ, ಬೇರಿಂಗಿಗೆ ಇಳಿದರೆ ಬೇರಿಂಗ್ ಕಚ್ಚಿಕೊಳ್ಳುತ್ತದೆ. ನೈಲಾನ್ ಉಂಗುರದ ನಟ್ಟಿಗೆ ಅದು ಬೇಡ. ಆದರೆ ಒಂದೆರಡು ಸಲ ಬಿಚ್ಚಿದ ನೈಲಾನ್ ನಟ್ಟನ್ನು ಬ್ಲೇಡಿನ ಬೋಲ್ಟಿಗೆ ಮತ್ತೆ ಬಳಸಬಾರದು. ಬ್ಲೇಡ್ ಬೋಲ್ಟಿನ ಬಿಗಿ ಅಳೆಯುವ ಬಗೆ: ಯಂತ್ರವನ್ನು ಮಗ್ಗುಲಿಗೆ ಹಿಡಿದರೆ ಬ್ಲೇಡ್ ತನ್ನ ಭಾರಕ್ಕೇ ಜೋತುಬೀಳಬಾರದು, ಮೆಲ್ಲಗೆ ಅಲುಗಾಡಿಸಿದರೆ ಜರುಗಬೇಕು. ಇದಕ್ಕಿಂತ ಬಿಗಿಯಾದರೆ ಬ್ಲೇಡ್ ತಾನಾಗಿ ನೇರ ನಿಲ್ಲದೆ ಇಡೀ ಯಂತ್ರ ನಡುಗುತ್ತದೆ.

ಪಿನಿಯನ್ ಮತ್ತು ಮುಖ್ಯ ಗೇರ್ ನಡುವಿನ ಸಂದಿಗೆ ನೋಟ್‌ಬುಕ್ ಕಾಗದದ ಒಂದು ಪಟ್ಟಿ ಸಿಕ್ಕಿಸಿ, ಮೋಟರನ್ನು ಒತ್ತಿ ಹಿಡಿದು ಸ್ಕ್ರೂ ಬಿಗಿದು, ಗೇರ್ ತಿರುಗಿಸಿ ಕಾಗದ ಹೊರತೆಗೆದರು. ಕಾಗದ ಹರಿಯದೆ ಸುಕ್ಕುಗಳೊಂದಿಗೆ ಬಂದರೆ ಹದ ಸರಿ. ಆಮೇಲೆ ಇನ್ನೊಂದು ಕೆಲಸವಿದೆ: ಗೇರನ್ನು ಪೂರ್ತಿ ಒಂದು ಸುತ್ತು ಕೈಯಲ್ಲಿ ತಿರುಗಿಸಿ, ಎಲ್ಲಿಯಾದರೂ ಬಿಗಿಯಾದರೆ ಆ ಜಾಗಕ್ಕೆ ಹೊಂದುವಂತೆ ಸಂದಿ ಇಡಬೇಕು. ಮುಖ್ಯ ಗೇರ್ ನೂರಕ್ಕೆ ನೂರು ದುಂಡಗಿರುವುದಿಲ್ಲ.

ಯೂನಿಟ್ಟನ್ನು ಸರಿ ಮುಖ ಮೇಲೆ ಮಾಡಿ, ಹೊಸ ಟೇಪ್ ಹಾಕಿ, ಮೇಲಿಂದ ಒಂದು ಅಗಲ ವೆಲ್ಕ್ರೊ ಪಟ್ಟಿಯಿಂದ ಸಡಿಲವಾಗಿ ಹಿಡಿಸಿದರು. ನಮ್ಮ ಬಿಸಿಲಿಗೆ ಟೇಪ್ ಒಂದನ್ನೇ ನಂಬಿ ಬಿಡುವುದು ಸರಿಯಲ್ಲ ಎಂಬುದೇ ನಮ್ಮ ಗಟ್ಟಿ ಅಭಿಪ್ರಾಯ. ಪಟ್ಟಿ ಬಿಗಿಯಾಗಿದ್ದರೆ ಚೌಕಟ್ಟಿನ ಕಂಪನ ನೇರ ಗೈರೊಗೆ ಹೋಗುತ್ತದೆ, ಹಾಗಾಗಿ ಸಡಿಲವೇ ಬೇಕು.

ಆಮೇಲೆ ಸ್ವಾಶ್‌ಪ್ಲೇಟ್. ಸ್ಟಿಕ್ ನಡುವಿನಲ್ಲಿರುವಾಗ ಮೂರೂ ಸರ್ವೊ ಕೈಗಳು ಕೊಂಡಿಗೆ 90 ಡಿಗ್ರಿ. ಕೈಯನ್ನು ಹಲ್ಲು ಬದಲಿಸಿ ಹತ್ತಿರಕ್ಕೆ ತಂದು, ಉಳಿದ ಸ್ವಲ್ಪವನ್ನು ಮಾತ್ರ ಯೂನಿಟ್ಟಿನ ಟ್ರಿಮ್ಮಿನಿಂದ. ಕೊಂಡಿಯ ಉದ್ದ ಬದಲಿಸಿ ಸ್ವಾಶ್‌ಪ್ಲೇಟ್ ಮಟ್ಟ ಮಾಡಿ, ಬ್ಲೇಡಿಗೆ ಪಿಚ್ ಗೇಜ್ ಹಾಕಿ ಅದೇ ಸ್ಥಾನದಲ್ಲಿ ಸೊನ್ನೆ ಡಿಗ್ರಿ ಬರಿಸಿದರು. ಯೂನಿಟ್ಟಿನಲ್ಲಿ ಪೂರ್ತಿ ಹರವು ಮೇಲೆ ಕೆಳಗೆ 11 ಡಿಗ್ರಿ. ಕಲಿಯುವವರಿಗೆ ಅಷ್ಟು ಬೇಡ. ರಿಮೋಟಿನ ಪಿಚ್ ಕರ್ವನ್ನು, ಸ್ಟಿಕ್ಕಿನ ಐದು ಸ್ಥಾನಗಳಿಗೆ ಕೆಳಗಿನಿಂದ ಮೇಲಕ್ಕೆ, 36, 50, 64, 78, 91 ಎಂದು ಇಟ್ಟಾಗ ಸ್ಟಿಕ್ ತೀರ ಕೆಳಗೆ ಸುಮಾರು ಮೈನಸ್ 3 ಡಿಗ್ರಿ, ತೀರ ಮೇಲೆ ಪ್ಲಸ್ 9 ಡಿಗ್ರಿ ಬಂತು. ಒಂದೇ ಎತ್ತರದಲ್ಲಿ ನಿಲ್ಲಿಸಲು ಬೇಕಾದ ಸುಮಾರು 5 ಡಿಗ್ರಿ, ಸ್ಟಿಕ್ ನಡುವಿಗಿಂತ ಕೊಂಚ ಮೇಲೆ ಸಿಗುತ್ತದೆ. ಗಾಬರಿಯಲ್ಲಿ ಸ್ಟಿಕ್ ಕೆಳಗೆ ಕುಕ್ಕಿದರೂ ಮೈನಸ್ 11 ಡಿಗ್ರಿಯಲ್ಲಿ ಯಂತ್ರ ನೆಲಕ್ಕೆ ಅಪ್ಪಳಿಸುವುದಿಲ್ಲ. ಮೂಲೆ ಮೂಲೆಗೂ ಸ್ಟಿಕ್ ಒಯ್ದು ಸರ್ವೊ ಎಲ್ಲಿಯೂ ಗುಂಯ್‌ಗುಟ್ಟದಂತೆ ನೋಡಿಕೊಂಡರು. ಗುಂಯ್‌ಗುಟ್ಟುವ ಸರ್ವೊ ಎಲ್ಲೋ ತಡೆದಿದೆ, ಅದು ಸುಟ್ಟುಹೋಗುತ್ತದೆ.

ಥ್ರಾಟಲ್ ಹೋಲ್ಡ್‌ಗೆ ಬಲ ತೋರುಬೆರಳು ತಾನಾಗಿ ಕೂರುವ ಸ್ವಿಚ್ ಕೊಟ್ಟರು. ಸ್ಟಿಕ್ ಎಲ್ಲೇ ಇದ್ದರೂ ಹೋಲ್ಡ್‌ನಲ್ಲಿ ಥ್ರಾಟಲ್ ತೀರ ಕೆಳಗಿರಬೇಕು. ಇಲ್ಲೊಂದು ಸೂಕ್ಷ್ಮವಿದೆ: ಮೈನಸ್ 100ರಿಂದ ಪ್ಲಸ್ 100ರವರೆಗೆ ಅಳೆಯುವ ರಿಮೋಟ್‌ಗಳಲ್ಲಿ ಸೊನ್ನೆ ಅಂದರೆ ಅರ್ಧ ಥ್ರಾಟಲ್. ಅವುಗಳಲ್ಲಿ ಹೋಲ್ಡ್ ಬೆಲೆ ಮೈನಸ್ 100 ಆಗಬೇಕು. ಹಳೆಯ ಸರ್ವೊ ಚುಚ್ಚಿ ಇದನ್ನೂ ಕಣ್ಣಾರೆ ನೋಡಿದರು. ಬ್ಯಾಟರಿ ಜೋಡಿಸುವ ಮುನ್ನ ಹೋಲ್ಡ್, ಇಳಿದ ಕೂಡಲೇ ಹೋಲ್ಡ್, ಯಂತ್ರದ ಕಡೆ ಹೆಜ್ಜೆ ಇಡುವ ಮುನ್ನ ಹೋಲ್ಡ್. ಸಿಮ್ಯುಲೇಟರಿನಲ್ಲೂ ಅದೇ ರಿಮೋಟ್, ಅದೇ ಸ್ವಿಚ್ ಬಳಸಿ ಬೆರಳಿಗೆ ಅಭ್ಯಾಸ ಮಾಡಿಸಿದರೆ ಹೊಲದಲ್ಲಿ ಯೋಚಿಸಬೇಕಾಗುವುದಿಲ್ಲ.

ಮೂರೂ ಅಕ್ಷಗಳ ಕೈ ಪರೀಕ್ಷೆ ಮತ್ತೆ ಮಾಡಿ, ಸರಿಯೆಂದು ಬರೆದುಕೊಂಡ ಮೇಲೆ ಮೋಟರಿನ ತಂತಿ ಜೋಡಿಸಿದರು. ಬಾಲದ ಸ್ಲೈಡರ್ ಸರಿದಲ್ಲೇ ನಿಂತು ವಾಪಸ್ ಬರದಿದ್ದರೆ ಹೆದರಬೇಕಿಲ್ಲ, ದಿಕ್ಕು ಹಿಡಿದಿಡುವ ವಿಧಾನದಲ್ಲಿ ಗೈರೊ ಹಾಗೆಯೇ ವರ್ತಿಸುತ್ತದೆ. ಬ್ಲೇಡ್ ಹಾಕದೆ, ಮುಖ್ಯವಾಗಿ ಬಾಲದ ಬ್ಲೇಡನ್ನೂ ತೆಗೆದು, ಮೋಟರ್ ತಿರುಗುವ ದಿಕ್ಕು ಮತ್ತು ಇಎಸ್‌ಸಿಯ ನಿಧಾನ ಆರಂಭ ಪರೀಕ್ಷಿಸಿದರು.

ಜಾಗ, ಹೊತ್ತು, ಬ್ಯಾಟರಿ

ಹೊಲದ ದೋಷವೂ ಈ ಪ್ರಕರಣದಲ್ಲಿ ಪಾಲುದಾರ. ಬೇಸಿಗೆಯಲ್ಲಿ ಎರೆಭೂಮಿ ಬಿರಿಯುತ್ತದೆ. ತಿರುಗುತ್ತಿದ್ದ ಯಂತ್ರದ ಒಂದು ಕಾಲು ಬಿರುಕಿಗೆ ಸಿಕ್ಕಿದ್ದರಿಂದಲೇ ಅದು ಬರೀ ತಿರುಗದೆ ಮಗುಚಿತು. ತೊಗರಿ ಕೊಯ್ದ ಹೊಲ ಇನ್ನೂ ಕೆಟ್ಟದ್ದು. ಬುಡದ ಕೂಳೆ ಗಟ್ಟಿ, ಮೊನಚು, ಬಾಲದ ಬ್ಲೇಡ್ ಒಂದು ಸಲ ತಾಗಿದರೆ ಮುಗಿಯಿತು. ಕಲಿಕೆಗೆ ಇಲ್ಲಿ ಸಿಗುವ ಅತ್ಯುತ್ತಮ ಜಾಗ ರಾಶಿ ಮಾಡಿ ಮುಗಿಸಿದ ಕಣ. ಗಟ್ಟಿ, ಸಪಾಟು, ಕಾಲು ಜಾರಲು ನುಣುಪು. ಹೊಟ್ಟು, ಸಡಿಲ ಕಲ್ಲು ಗುಡಿಸಿಬಿಡಬೇಕು. ನಾಲ್ಕು ತುದಿಗೆ ಚೆಂಡಿರುವ ಕಲಿಕೆಯ ಕಡ್ಡಿಗಳನ್ನು ಕಾಲುಗಳಿಗೆ ಕಟ್ಟಿದಾಗಲಂತೂ ನೆಲ ಜಾರುವಂತೆಯೇ ಇರಬೇಕು, ಚೆಂಡು ಎಲ್ಲಾದರೂ ತಡೆದರೆ ಅದೇ ತಿರುಗಣಿಯಾಗಿ ಯಂತ್ರ ಹೊರಳುತ್ತದೆ.

ಕಾನೂನಿನ ಮಾತು. ಕೇಂದ್ರದ 2021ರ ಡ್ರೋನ್ ನಿಯಮಗಳು ನಾಲ್ಕು ರೆಕ್ಕೆಯ ಡ್ರೋನ್‌ಗೆ ಮಾತ್ರ ಅಲ್ಲ, ರಿಮೋಟ್ ಹೆಲಿಕಾಪ್ಟರಿಗೂ ಅನ್ವಯ. ತೂಕದ ಲೆಕ್ಕದಲ್ಲಿ ಇದು 250 ಗ್ರಾಮಿನಿಂದ 2 ಕಿಲೋವರೆಗಿನ ಮೈಕ್ರೊ ವರ್ಗ. ನೋಂದಣಿಯ ನಿಯಮವನ್ನೂ ಕೇಂದ್ರದ ಡಿಜಿಟಲ್ ಸ್ಕೈ ತಾಣದ ವಾಯುಪ್ರದೇಶದ ನಕ್ಷೆಯನ್ನೂ ನೋಡಿಕೊಂಡೇ ಜಾಗ ಆರಿಸಬೇಕು. 2019ರಲ್ಲಿ ಶುರುವಾದ ಕಲಬುರಗಿ ವಿಮಾನ ನಿಲ್ದಾಣ ಶ್ರೀನಿವಾಸ ಸರಡಗಿ ಬಳಿ ಇದೆ; ನಿಲ್ದಾಣದ ಸುತ್ತ 8 ಕಿ.ಮೀ. ಒಳಗೆ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಹಾಗಾಗಿ ನಗರದ ಪೂರ್ವಕ್ಕೆ, ಸೇಡಂ ರಸ್ತೆ ಕಡೆ ಹೋಗುವುದಕ್ಕಿಂತ ಪಶ್ಚಿಮ ಮೇಲು. ಬೀದರಿನಲ್ಲಿ ವಾಯುಪಡೆಯ ನೆಲೆ ನಗರಕ್ಕೇ ಅಂಟಿಕೊಂಡಿದೆ. ಅಲ್ಲಿಯ ಕಲಿಯುವವರು ಊರ ಸುತ್ತ ಹಾರಿಸುವ ಯೋಚನೆ ಬಿಟ್ಟು ದೂರ ಹೋಗಲಿ.

ಹೊತ್ತು ಬೆಳಗಿನ ಆರರಿಂದ ಎಂಟು. ಗಾಳಿ ಕಡಿಮೆ ಇರುವುದು ಒಂದು ಕಾರಣ. ಇನ್ನೊಂದು, ಮೇ ಮಧ್ಯಾಹ್ನದ 42 ಡಿಗ್ರಿಯಲ್ಲಿ ಗಾಳಿ ಡಿಸೆಂಬರ್ ಬೆಳಗಿನ 15 ಡಿಗ್ರಿಯ ಗಾಳಿಗಿಂತ ಶೇಕಡಾ 8ರಿಂದ 9ರಷ್ಟು ತೆಳು. ಅಷ್ಟೇ ಎತ್ತಲು ಪಿಚ್ ಹೆಚ್ಚು ಬೇಕು, ಮೋಟರ್ ಹೆಚ್ಚು ಎಳೆಯುತ್ತದೆ, ಅದನ್ನು ತಣಿಸಬೇಕಾದ ಗಾಳಿಯೇ ಕುದಿಯುತ್ತಿರುತ್ತದೆ.

ಲಿಪೊ ಬ್ಯಾಟರಿಯನ್ನು 2.2 ಆಂಪಿಯರಿನಲ್ಲಿ, ಬ್ಯಾಲೆನ್ಸ್ ಚಾರ್ಜಿನಲ್ಲೇ, ಎದುರಿಗೆ ಕುಳಿತು ತುಂಬಬೇಕು. ಫರಸಿ ನೆಲದ ಮೇಲೆ ಮರಳು ಹಾಕಿದ ಕಬ್ಬಿಣದ ಪುಟ್ಟಿ ಸಾಕು, ಹತ್ತಿರ ಪರದೆ, ಹಾಸಿಗೆ ಇರಬಾರದು. ತುಂಬಿದಾಗ ಸೆಲ್ಲಿಗೆ 4.2 ವೋಲ್ಟ್, ಎತ್ತಿಡುವಾಗ 3.8. ಶೇಕಡಾ 80, ಅಂದರೆ ಸುಮಾರು 1760 ಎಂಎಎಚ್ ಬಳಸಿದ ಮೇಲೆ ಇಳಿಸಬೇಕು. ಬೈಕಿನ ಡಿಕ್ಕಿ, ಮುಚ್ಚಿದ ಕಾರು ಎರಡೂ ಬೇಸಿಗೆಯಲ್ಲಿ ಲಿಪೊ ಇಡುವ ಜಾಗವಲ್ಲ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಬಾರದು.

ಎರಡನೆಯ ಆರಂಭ

ಈ ಸಲ ಹುಡುಗ ಹತ್ತು ಮೀಟರ್ ಹಿಂದೆ ನಿಂತ, ಬಾಲ ತನ್ನ ಕಡೆ ಮಾಡಿ, ಕಣ್ಣಿಗೆ ಕನ್ನಡಕ ಹಾಕಿ. ಕಾಕಾ ಮತ್ತು ನೋಡಲು ಬಂದ ಮಕ್ಕಳು ಅವನಿಗಿಂತಲೂ ಹಿಂದೆ, ಮೂವತ್ತು ಮೀಟರ್ ದೂರದಲ್ಲಿ. ಬ್ಯಾಟರಿ ಜೋಡಿಸಿದ ಮೇಲೆ ಗೈರೊ ತಯಾರಾಗುವ ತನಕ ಯಂತ್ರ ಮುಟ್ಟಲಿಲ್ಲ. ಆ ಹೊತ್ತಿನಲ್ಲಿ ಅಲುಗಾಡಿದರೆ ಅದು ತಪ್ಪು ಸೊನ್ನೆ ಹಿಡಿಯುತ್ತದೆ.

ಮೋಟರ್ ಪೂರ್ತಿ ವೇಗಕ್ಕೆ ಬಂದ ಮೇಲೆ ಸ್ವಾಶ್‌ಪ್ಲೇಟ್ ನಿಧಾನಕ್ಕೆ ಒಂದು ಕಡೆ ವಾಲಿದಂತೆ ಕಂಡಿತು. ಹೊಸಬರು ಇಲ್ಲಿ ಸ್ಟಿಕ್ಕಿನಿಂದ ಅದನ್ನು ಸರಿಪಡಿಸಲು ಹೋಗುತ್ತಾರೆ. ನೆಲ ಹಿಡಿದಿರುವಾಗ ಯೂನಿಟ್ ಕೊಡುವ ಆಜ್ಞೆಗೆ ಯಂತ್ರ ಚಲಿಸುವುದಿಲ್ಲ, ಹಾಗಾಗಿ ಅದು ಆಜ್ಞೆಯನ್ನು ಹೆಚ್ಚಿಸುತ್ತಲೇ ಹೋಗುತ್ತದೆ. ಸ್ಟಿಕ್ ಒತ್ತಿ ಹಿಡಿದರೆ ಎದ್ದ ಕೂಡಲೇ ಮಗುಚುತ್ತದೆ. ಸ್ಟಿಕ್ ನಡುವೆ ಬಿಟ್ಟು, ಪಿಚ್ಚನ್ನು ಹಿಂಜರಿಯದೆ ಏರಿಸಿ ಕಾಲುಗಳನ್ನು ಹಗುರ ಮಾಡಬೇಕು.

ಮೊದಲ ಬ್ಯಾಟರಿ ಪೂರ್ತಿ ಕಣದ ಮೇಲೆ ಜಾರಾಡುವುದರಲ್ಲೇ ಹೋಯಿತು. ಬಾಲ ನಿಂತಲ್ಲಿ ನಿಂತಿತು, ಮೂತಿ ಅಲುಗಲಿಲ್ಲ. ಬ್ಲೇಡಿನ ತುದಿಗಳಿಗೆ ಸುತ್ತಿದ್ದ ಕೆಂಪು, ನೀಲಿ ಟೇಪಿನ ಎರಡು ಗೆರೆ ಬೇರೆ ಬೇರೆ ಎತ್ತರದಲ್ಲಿ ಕಂಡವು. ಹೋಲ್ಡ್ ಹಾಕಿ, ರೋಟರ್ ನಿಂತ ಮೇಲೆ, ಬ್ಯಾಟರಿ ಬಿಚ್ಚಿ, ಮೇಲಿನ ಬ್ಲೇಡಿನ ಕೊಂಡಿಯನ್ನು ಅರ್ಧ ಸುತ್ತು ಗಿಡ್ಡ ಮಾಡಿದರು. ಮುಂದಿನ ಬ್ಯಾಟರಿಯಲ್ಲಿ ಗೆರೆಗಳು ಒಂದಾದವು, ಕಾಲಿನ ನಡುಕವೂ ಇಳಿಯಿತು. ಮೊಣಕಾಲೆತ್ತರಕ್ಕೆ ಎದ್ದು ಕೆಲವು ಸೆಕೆಂಡ್ ನಿಂತು ಇಳಿಯಿತು. ಇಳಿದ ಮೇಲೆ ಮೋಟರಿಗೆ ಬೆರಳಿಟ್ಟು ಐದು ಎಣಿಸುವಷ್ಟು ಹೊತ್ತು ತಡೆಯಲಾಯಿತು, ಬ್ಯಾಟರಿ ಬೆಚ್ಚಗಷ್ಟೇ ಇತ್ತು. ಬೆಲ್ಟ್ ಮಾತ್ರ ಕೊಂಚ ಸಡಿಲಾಗಿತ್ತು: ಹೊಸ ಬಾಲದ ಕೊಳವೆ ಹಾಕಿದಾಗ ಬಿಗಿದ ಸ್ಕ್ರೂ ಮೊದಲ ಕಂಪನಕ್ಕೆ ಕೂತಿದೆ. ಕೊಳವೆಯನ್ನು ಒಂದು ಮಿಲಿಮೀಟರ್ ಹಿಂದೆ ಎಳೆದು ಮತ್ತೆ ಬಿಗಿದು, ಮೂರನೆಯ ಬ್ಯಾಟರಿ ಹಾಕುವ ಮುನ್ನ ಕೈ ಪರೀಕ್ಷೆಯನ್ನು ಮೂರೂ ಅಕ್ಷಗಳಲ್ಲಿ ಇನ್ನೊಮ್ಮೆ ಮಾಡಿದರು.